ಅತ್ತೆಯ ಬಣ್ಣ ಸರಿಪಡಿಸಿದ್ದು

ಶಿಕಾರಿಪುರದಲ್ಲಿ ಫೋಟೋದ ಬಣ್ಣ ಅಂದರೆ ನಾನು ಅನ್ನುವ ಮಾತು ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ಚಾಲ್ತಿಗೆ ತಂದವನು ನಾನೇ. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟುಡಿಯೋ. ಉಳಿದ ಫೋಟೋಗ್ರಾಫರುಗಳು ಮದುವೆ ಮನೆಗೆ ಹೋಗಿ, ಸಿಕ್ಕ ಬೆಳಕಿನಲ್ಲಿ ಕ್ಲಿಕ್ಕಿಸಿ, ಮದುಮಗನನ್ನು ಹಸಿರಾಗಿಯೂ ಮದುಮಗಳನ್ನು ಹಳದಿಯಾಗಿಯೂ ಆಲ್ಬಮ್ಮಿಗೆ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲ ಅದು. ಅದು ಯಾಕೆ ಹಾಗಾಗುತ್ತದೆ ಎಂದು ತಿಳಿದಿದ್ದವನು ನಾನೊಬ್ಬನೇ. ಕಲರ್ ರೀಲು ತಯಾರಾಗುವುದು ಸೂರ್ಯನ ಬೆಳಕಿಗೆ. ನಮ್ಮ ಕಣ್ಣು ಟ್ಯೂಬ್‌ಲೈಟನ್ನೂ ಬಿಳಿ ಎನ್ನುತ್ತದೆ, ಬಲ್ಬನ್ನೂ ಬಿಳಿ ಎನ್ನುತ್ತದೆ. ಕಣ್ಣಿಗೆ ದಾಕ್ಷಿಣ್ಯ ಜಾಸ್ತಿ. ರೀಲಿಗೆ ದಾಕ್ಷಿಣ್ಯವಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಕೂತವರನ್ನು ಹಸಿರು ಮಾಡುತ್ತದೆ, ಬಲ್ಬಿನ ಕೆಳಗೆ ಕೂತವರಿಗೆ ಅರಿಶಿನ ಬಳಿಯುತ್ತದೆ.

ಈ ಜ್ಞಾನವನ್ನು ನಾನು ಗುಟ್ಟಾಗಿ ಇಟ್ಟುಕೊಂಡವನಲ್ಲ. ರೇಷನ್ ಕಾರ್ಡಿನ ಫೋಟೋಕ್ಕೆ ಬಂದವರಿಗೂ ಕೂರಿಸಿ ಹೇಳುತ್ತಿದ್ದೆ. ಬೆಂಗಳೂರಿಗೆ ಹೋದಾಗ ಗುಲಾಬಿ ಬಣ್ಣದ ಒಂದು ಫಿಲ್ಟರ್ ಗಾಜು ತಂದಿದ್ದೆ. ಲೆನ್ಸಿನ ಮುಂದೆ ಅದನ್ನು ಹಾಕಿದರೆ ಟ್ಯೂಬ್‌ಲೈಟಿನ ಹಸಿರು ಅಡಗುತ್ತದೆ. ಹತ್ತಿಯಲ್ಲಿ ಸುತ್ತಿ, ಬೀರುವಿನಲ್ಲಿ ನನ್ನ ಹೆಂಡತಿ ಗೌರಿಯ ಒಡವೆಯ ಪಕ್ಕ ಅದನ್ನು ಇಟ್ಟಿದ್ದೆ. "ಒಡವೆನಾದ್ರೂ ಹಬ್ಬಕ್ಕೆ ಹಾಕ್ಕೊಳ್ತೀನಿ, ಇದನ್ನ ಯಾವಾಗ ಹಾಕ್ತೀರಿ?" ಎಂದು ಅವಳು ಕೇಳುತ್ತಿದ್ದಳು. ಸಂದರ್ಭ ಬರಬೇಕು ಎನ್ನುತ್ತಿದ್ದೆ.

ಸಂದರ್ಭ ಬಂತು. ಅತ್ತೆ ತೀರಿಕೊಂಡರು.

ಗೌರಿಯ ತವರು ಸೊರಬ ತಾಲೂಕಿನ ಕುಬಟೂರು. ಬೆಳಗ್ಗೆ ಎದುರಿನ ಬಟ್ಟೆ ಅಂಗಡಿಗೆ ಫೋನು ಬಂತು; ಅಂಗಡಿಯವರು ರಸ್ತೆ ದಾಟಿ ಬಂದು, ಚಪ್ಪಲಿ ಬಿಟ್ಟು, ಒಳಗೆ ಕೂತು ಹೇಳಿದರು. ಹಿಂದಿನ ಸಂಜೆ ರೊಟ್ಟಿ ಬಡಿದು, ಮೊಮ್ಮಕ್ಕಳನ್ನು ಬೈದು ಮಲಗಿದವರು ಏಳಲಿಲ್ಲವಂತೆ. ಸಿಕ್ಕ ಬಸ್ಸು ಹತ್ತಿದೆವು. ಶಿರಾಳಕೊಪ್ಪ ದಾಟಿದ ಮೇಲೆ ಗೌರಿ ನನ್ನ ಕೈ ಹಿಡಿದು, "ನಮ್ಮವ್ವಂದು ಒಂದೂ ಫೋಟೋ ಇಲ್ಲ ರೀ" ಎಂದಳು. "ಇವತ್ತು ಒಂದು ತೆಗೀರಿ. ಅವ್ವ ಅವ್ವನ ಹಂಗೇ ಕಾಣ್ಬೇಕು. ನಾನು ನಿಮ್ಮನ್ನ ಇನ್ನೇನೂ ಕೇಳಲ್ಲ."

ಫೋಟೋಗ್ರಾಫರನ ಅತ್ತೆಗೆ ಫೋಟೋ ಇಲ್ಲ! ಅದಕ್ಕೆ ಕಾರಣ ಅತ್ತೆಯೇ. ನಾನು ಕ್ಯಾಮೆರಾ ತೆಗೆದರೆ ಸಾಕು, "ಅಳಿಯಂದಿರೇ, ಆ ಡಬ್ಬಿನ ಆ ಕಡೆ ತಿರುಗಿಸ್ರೀ" ಎಂದು ಅಡಿಗೆ ಮನೆಗೆ ನಡೆದುಬಿಡುತ್ತಿದ್ದರು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರದು ಒಂದು ಮೊಣಕೈ ಮಾತ್ರ ಇದೆ, ಧಾರೆಯ ಹೊತ್ತಿನದು. ಅದೂ ಬ್ಲ್ಯಾಕ್ ಅಂಡ್ ವೈಟು. ನನಗೆ ಅವರ ಮೇಲೆ ಪ್ರೀತಿ ಇತ್ತು. ನನ್ನ ಕಸುಬನ್ನು ಆಡಿಕೊಂಡು ನಕ್ಕ ಮೇಲೂ ಎರಡನೇ ಸಲ ತುಪ್ಪ ಬಡಿಸುತ್ತಿದ್ದವರು ಅವರೊಬ್ಬರೇ. ಹಾಗಾಗಿ ಆ ದಿನ ನಾನು ಬಸ್ಸಿನಲ್ಲೇ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದೆ. ಲೋಕದಲ್ಲಿ ಯಾವ ಅಳಿಯನೂ ಯಾವ ಅತ್ತೆಗೂ ತೆಗೆಯದಂಥ ಫೋಟೋ ತೆಗೆಯುತ್ತೇನೆ. ಈ ಪ್ರತಿಜ್ಞೆಯನ್ನು ನಾನು ಅಕ್ಷರಶಃ ನೆರವೇರಿಸಿದೆ.

ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಪಕ್ಕದಲ್ಲಿ ಭಜನೆ ನಡೆಯುತ್ತದೆ. ಮಣ್ಣಿಗೆ ಒಯ್ಯುವ ಮೊದಲು ಮಕ್ಕಳು ಮೊಮ್ಮಕ್ಕಳೆಲ್ಲ ಅವರ ಅಕ್ಕಪಕ್ಕ ಕೂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಇಡೀ ಸಂಸಾರ ಒಟ್ಟಿಗೆ ಇರುವ ಫೋಟೋ ಅದೊಂದೇ.

ನಾವು ಹೋದಾಗ ಅತ್ತೆ ಹಾಗೇ ಕೂತಿದ್ದರು. ಗೌರಿ ಹೋಗಿ ಮಡಿಲಿಗೆ ಬಿದ್ದಳು. ಗೌರಿಯ ತಮ್ಮ ಶಿವಣ್ಣ ನನ್ನ ಹತ್ತಿರ ಬಂದು, ಪಿಸುದನಿಯಲ್ಲಿ ಹೇಳಿದ. "ಭಾವ, ಒಳಗೆ ಕತ್ಲು ಐತೆ. ಇನ್ನೊಂದು ಸ್ವಲ್ಪಕ್ಕೆ ಅಂಗಳಕ್ಕೆ ತಂದು ವಿಮಾನದಾಗೆ ಕೂರಿಸ್ತೀವಿ. ಬಿಸಿಲು ಚಂದ ಬಿದ್ದೈತೆ. ಅಲ್ಲೇ ತೆಗೀರಿ."

ವಿಮಾನ ಎಂದರೆ ಬಿದಿರು, ಬಾಳೆ, ಹೂವಿನಿಂದ ಕಟ್ಟಿದ ಕುರ್ಚಿ. ಶಿವಣ್ಣ ಜಮೀನು ಮಾಡುವವನು, ಅವನಿಗೆ ಬೆಳಕಿನ ಶಾಸ್ತ್ರ ಏನು ಗೊತ್ತು ಎಂದುಕೊಂಡೆ. ಬಿಸಿಲಿನಲ್ಲಿ ಯಾರು ಬೇಕಾದರೂ ತೆಗೆಯುತ್ತಾರೆ. ಅದಕ್ಕೆ ನಾನು ಯಾಕೆ?

"ಶಿವಣ್ಣ, ಇದು ಗಾಂಭೀರ್ಯದ ವಿಷಯ" ಎಂದೆ. "ಅವರು ಬದುಕಿದ ಪಡಸಾಲೆಯಲ್ಲೇ ತೆಗೀಬೇಕು. ಬೆಳಕಿನ ಜವಾಬ್ದಾರಿ ನನ್ನದು."

"ಹಂಗಾರೆ ಫ್ಲ್ಯಾಶ್ ಹೊಡೀರಿ."

"ಫ್ಲ್ಯಾಶ್ ಹೊಡೆದ್ರೆ ವಿಭೂತಿ ಮಾತ್ರ ಬರುತ್ತೆ, ಅತ್ತೆ ಬರಲ್ಲ."

ಪಡಸಾಲೆಯ ಬಲಗಡೆ ಗೋಡೆಗೆ ಒಂದು ಟ್ಯೂಬ್‌ಲೈಟ್ ಇತ್ತು. ಎಡಗಡೆಗೆ, ಅತ್ತೆಯ ಹತ್ತಿರ, ನಾನು ಮದುವೆ ವಿಡಿಯೋಕ್ಕೆಂದು ಕೊಂಡಿದ್ದ ಹ್ಯಾಲೊಜೆನ್ ದೀಪ ನಿಲ್ಲಿಸಿದೆ. ಲೆನ್ಸಿನ ಮುಂದೆ ಗುಲಾಬಿ ಗಾಜು ತಿರುಗಿಸಿದೆ. ಗಾಜು ಟ್ಯೂಬ್‌ಲೈಟಿನ ಹಸಿರನ್ನು ಅಡಗಿಸುತ್ತದೆ, ನಿಜ. ಪಕ್ಕದಲ್ಲೇ ಉರಿಯುವ ಹ್ಯಾಲೊಜೆನ್ನಿನ ಕೆಂಪನ್ನು ಅದು ಇಮ್ಮಡಿ ಮಾಡುತ್ತದೆ ಎಂಬುದೂ ನಿಜ. ಎರಡನೆಯ ನಿಜ ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಹ್ಯಾಲೊಜೆನ್ನಿನ ಸ್ವಿಚ್ಚು ಒತ್ತಿದೆ. ಪಡಸಾಲೆ ಒಂದು ಕ್ಷಣ ಝಗ್ಗೆಂದಿತು. ಎರಡನೆಯ ಕ್ಷಣಕ್ಕೆ ಫ್ಯೂಸು ಹೋಯಿತು. ಭಜನೆಯವರ ತಾಳ ನಿಂತಿತು. ಕತ್ತಲಲ್ಲಿ ಯಾರೋ ಹೆಂಗಸು ಹೊಸದಾಗಿ ಅಳತೊಡಗಿದರು.

ವಿಧಿ ನಡೆಸಲು ಬಂದಿದ್ದ ಅಯ್ಯನವರು ಹೊರಗಿನಿಂದ, "ಹೊತ್ತು ಮೀರ್ತದೆ, ಜಲ್ದಿ ಮಾಡ್ರಿ" ಎಂದರು. ಪಕ್ಕದ ಮನೆಯವರೊಬ್ಬರು ಫ್ಯೂಸಿಗೆ ದಪ್ಪ ತಂತಿ ಸುತ್ತಿಕೊಟ್ಟರು. ಕರೆಂಟು ಬಂತು, ವೋಲ್ಟೇಜು ಬರಲಿಲ್ಲ. ಹ್ಯಾಲೊಜೆನ್ ಮಾಗಿದ ಹಲಸಿನ ತೊಳೆಯ ಹಾಗೆ ಉರಿಯಿತು. ಬೆಳಕು ಕಮ್ಮಿ ಎಂದು ಶಟರ್ ನಿಧಾನ ಮಾಡಿದೆ. ಹಾಗೆ ಮಾಡಿದಾಗ ಎದುರಿಗಿದ್ದವರು ಕದಲಬಾರದು. "ಯಾರೂ ಅಲುಗಾಡಬೇಡಿ" ಎಂದು ಗಟ್ಟಿಯಾಗಿ ಹೇಳಿದೆ. ಮಕ್ಕಳು ಅತ್ತರು, ಸೊಸೆ ಸೆರಗು ಎಳೆದುಕೊಂಡಳು, ಶಿವಣ್ಣ ಬೆವರು ಒರೆಸಿಕೊಂಡ. ನನ್ನ ಮಾತು ಕೇಳಿದವರು ಒಬ್ಬರೇ.

ಅವರ ತಲೆ ಸ್ವಲ್ಪ ಕೆಳಗೆ ಬಾಗಿತ್ತು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟು, ಇಷ್ಟು ವರ್ಷದ ಅಭ್ಯಾಸ ನೋಡಿ, "ಗದ್ದ ಸ್ವಲ್ಪ ಮೇಲಕ್ಕೆ, ಅತ್ತೆ" ಎಂದುಬಿಟ್ಟೆ.

ಗೌರಿ ಎದ್ದು ಹೋಗಿ, ಎರಡೂ ಕೈಯಿಂದ ಅವ್ವನ ಗದ್ದವನ್ನು ಮೆಲ್ಲಗೆ ಮೇಲೆತ್ತಿದಳು. ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಫೋಟೋ ತೆಗೆಯಲಿಲ್ಲ. ಅಗತ್ಯವೂ ಇಲ್ಲ, ನೆನಪಿದೆ. ಅವಳು ಕೈಬಿಟ್ಟು ತನ್ನ ಜಾಗದಲ್ಲಿ ಕೂತ ಮೇಲೆ ರೀಲು ಮುಗಿಯುವವರೆಗೆ ಒತ್ತಿದೆ.

ಶಿವಮೊಗ್ಗದ ಲ್ಯಾಬಿನಿಂದ ಪ್ರಿಂಟು ಬಂದವು. ಲಕೋಟೆ ಬಿಚ್ಚಿ, ಕೂಡಲೇ ಮುಚ್ಚಿದೆ. ಆಮೇಲೆ ಧೈರ್ಯ ಮಾಡಿ ಮತ್ತೆ ಬಿಚ್ಚಿದೆ. ಹ್ಯಾಲೊಜೆನ್ ಪಕ್ಕ ಕೂತಿದ್ದ ಅತ್ತೆ ಕೆಂಪಗೆ, ಕಳೆಕಳೆಯಾಗಿ, ಈಗಷ್ಟೇ ಊಟ ಮುಗಿಸಿ ಎದ್ದವರಂತೆ ಇದ್ದರು. ಬಲಗಡೆ, ಟ್ಯೂಬ್‌ಲೈಟಿನ ಕೆಳಗೆ, ಮಕ್ಕಳು ಸೊಸೆ ಮೊಮ್ಮಕ್ಕಳು ಬೂದಿ ಬೂದಿ ಹಸಿರು. ಅಲುಗಾಡಿದ್ದರಿಂದ ಮುಖಗಳೂ ಕದಡಿ, ಅರ್ಧ ಈ ಲೋಕದಲ್ಲಿ ಅರ್ಧ ಇನ್ನೊಂದರಲ್ಲಿ ಇದ್ದಂತಿದ್ದರು. ಅತ್ತೆಯ ಕೆಂಪನ್ನು ತಗ್ಗಿಸಲು ಲ್ಯಾಬಿನವರು ಇಡೀ ಪ್ರಿಂಟನ್ನು ಹಸಿರಿಗೆ ಎಳೆದಿದ್ದರು; ನನ್ನ ಗುಲಾಬಿ ಗಾಜಿಗೂ ಬಗ್ಗದ ಹಸಿರು ಅದು.

ಕುಬಟೂರಿಗೆ ಒಯ್ಯದೆ ವಿಧಿ ಇರಲಿಲ್ಲ. ಶಿವಣ್ಣ ನೋಡಿ ಪಕ್ಕಕ್ಕೆ ದಾಟಿಸಿದ. ಅತ್ತೆಯ ತಮ್ಮ ಬಸವಂತಪ್ಪ ಮಾವ, ಕಣ್ಣು ಮಂಜಾದ ಹಿರಿಯರು, ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮಕ್ಕ ಆರಾಮ ಅದಾಳಲ್ಲ" ಎಂದರು. ಆಮೇಲೆ ಬೆರಳು ಬಲಕ್ಕೆ ಸರಿಸಿ, "ಇವ್ರಿಗೆ ಏನಾಗಿತ್ತಪ್ಪ?"

ಶಿವಗಣಾರಾಧನೆ ಹತ್ತಿರ ಬರುತ್ತಿತ್ತು. ತೀರಿಕೊಂಡವರಿಗಾಗಿ ಬಂಧುಬಳಗವನ್ನು ಕರೆದು ಪೂಜೆ ಮಾಡಿ ಊಟ ಹಾಕುವ ದಿನ ಅದು. ಅವತ್ತು ಕುರ್ಚಿಯ ಮೇಲೆ ಫೋಟೋ ಇಟ್ಟು ಹಾರ ಹಾಕಬೇಕು. "ಅಷ್ಟರಲ್ಲಿ ಸರಿಮಾಡಿಸ್ತೀನಿ" ಎಂದು ಗೌರಿಗೆ ಮಾತು ಕೊಟ್ಟೆ. ಶಿವಮೊಗ್ಗದಲ್ಲಿ ಆಗಷ್ಟೇ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಅಂಗಡಿಯೊಂದು ಶುರುವಾಗಿತ್ತು. ಫೋಟೋವನ್ನು ಒಂದು ಪೆಟ್ಟಿಗೆಗೆ ಮಲಗಿಸಿದರೆ ಅದು ಟಿ.ವಿ. ಪರದೆಯ ಮೇಲೆ ಬರುತ್ತದೆ. ಬೇಕಾದ ಬಣ್ಣ ಏರಿಸಬಹುದು, ಇಳಿಸಬಹುದು. ನನಗೆ ಕೈಲಾಸವೇ ಸಿಕ್ಕಿದಂತಾಯಿತು.

ಆಪರೇಟರ್ ಕನ್ನಡಕದ ಮನುಷ್ಯ, ಗಂಭೀರ. ಗುಂಪಿನಿಂದ ಅತ್ತೆಯ ಮುಖವನ್ನು ಮಾತ್ರ ಬಿಡಿಸಿಕೊಂಡ. "ಕಣ್ಣು ತೆಗೀಬೇಕಾ ಸರ್?" ಎಂದ. ತೀರಿಕೊಂಡವರ ಫೋಟೋದಲ್ಲಿ ಮುಚ್ಚಿದ ಕಣ್ಣನ್ನು ತೆರೆದಂತೆ ಬಿಡಿಸಿಕೊಡುವುದು ನಮ್ಮ ಕಸುಬಿನ ಹಳೇ ವಾಡಿಕೆ. ಮೊದಲು ಬ್ರಷ್ಷಿನಲ್ಲಿ ಬಿಡಿಸುತ್ತಿದ್ದೆವು, ಈತ ಇನ್ನೊಬ್ಬರ ಕಣ್ಣನ್ನೇ ತಂದು ಕೂರಿಸುತ್ತಿದ್ದ. ತೆಗಿಯಪ್ಪ ಎಂದೆ.

"ಸ್ಕಿನ್ ಕಲರ್ ಹೆಂಗೆ ಮಾಡ್ಲಿ?"

ಇಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ಹೆಣ್ಣು ತೋರಿಸುವ ಫೋಟೋ ಇರಲಿ, ಪರೀಕ್ಷೆಯ ಹಾಲ್ ಟಿಕೆಟ್ಟಿನ ಫೋಟೋ ಇರಲಿ, ನಮ್ಮಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಕೇಳುವವರೂ ಅದನ್ನೇ ಕೇಳುತ್ತಾರೆ, ಕೊಡುವವರೂ ಅದನ್ನೇ ಕೊಡುತ್ತಾರೆ. "ಬೆಳ್ಳಗೆ ಮಾಡಿ, ಚೂರು ಗುಲಾಬಿ ಇರಲಿ" ಎಂದೆ. ಅತ್ತೆಗೆ ಅಳಿಯನ ಕಡೆಯಿಂದ ಕೊನೆಯ ಮರ್ಯಾದೆ ಅದು ಎಂದು ತಿಳಿದಿದ್ದೆ.

ಮನೆಗೆ ತಂದು ಗೌರಿಯ ಮುಂದೆ ಹಿಡಿದೆ. ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು. "ಯಾರು ಇವ್ರು?" ಎಂದು ಕೇಳಿದಳು.

ನಾನು ನಕ್ಕೆ. ಅವಳು ನಗಲಿಲ್ಲ. ಸ್ಟೋವ್ ಆರಿಸಿ ಬಂದು, ಫೋಟೋ ತೆಗೆದುಕೊಂಡು, ಬಾಗಿಲ ಹತ್ತಿರ ಹೋಗಿ ನೋಡಿದಳು. ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ನಮ್ಮವ್ವ ಕಪ್ಪಗಿದ್ಲು ರೀ" ಎಂದಳು. "ಅವ್ವ ಯಾಕೆ ಫೋಟೋ ತೆಗೆಸ್ಕೊಳ್ತಿರ್ಲಿಲ್ಲ ಗೊತ್ತೈತಾ ನಿಮ್ಗೆ? ಮದ್ವೆಗೆ ಮುಂಚೆ ಸೊರಬದಾಗೆ ಒಂದು ತೆಗೆಸಿದ್ರಂತೆ. ಬೆಳ್ಳಗೆ ಮಾಡಿ ಕೊಟ್ಟಿದ್ರಂತೆ. ಗಂಡಿನ ಕಡೆಯವ್ರು ಫೋಟೋ ನೋಡಿ ಒಪ್ಕೊಂಡು, ಆಮೇಲೆ ಅವ್ವನ್ನ ನೋಡಿ ಎದ್ದು ಹೋದ್ರಂತೆ. ಆ ಫೋಟೋನ ಒಲೆಗೆ ಹಾಕಿದ್ಲಂತೆ. ಇರೋ ಬಣ್ಣ ತೋರ್ಸೋ ಡಬ್ಬಿ ಬಂದ ದಿನ ಕೂರ್ತೀನಿ ಅಂತಿದ್ಲು. ನೀವೂ ಬೆಳ್ಳಗೇ ಮಾಡ್ಕೊಂಡು ಬಂದ್ರಲ್ಲ."

ನಾನು ಆ ದಿನ ಊಟ ಮಾಡಲಿಲ್ಲ. ಮಾಡು ಎಂದು ಯಾರೂ ಹೇಳಲೂ ಇಲ್ಲ.

ಮಾರನೆಯ ದಿನ ಗೌರಿ ತಾನೇ ಹೊರಟಳು. "ನೀವು ದಾರಿ ತೋರ್ಸಿ ಸಾಕು" ಎಂದಳು. ಶಿವಮೊಗ್ಗದ ಅಂಗಡಿಗೆ ಹೋಗಿ, ಆಪರೇಟರನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಮೊದಲು, ತಂದು ಕೂರಿಸಿದ್ದ ಕಣ್ಣನ್ನು ಅಳಿಸಲು ಹೇಳಿದಳು. "ಮುಚ್ಚೇ ಇರ್ಲಿ. ಮಧ್ಯಾಹ್ನ ಗೋಡೆಗೆ ಒರಗಿ ಹಿಂಗೇ ತೂಕಡಿಸ್ತಿದ್ಲು." ಆಮೇಲೆ ಬಳೆ ಮೇಲೆ ಸರಿಸಿ, ತನ್ನ ಮುಂಗೈಯನ್ನು ಮೇಜಿನ ಮೇಲೆ ಇಟ್ಟಳು. "ಅವ್ವಂದು ನಂದು ಒಂದೇ ಬಣ್ಣ. ಇದನ್ನ ನೋಡಿ ಮಾಡ್ರಿ."

ಆಪರೇಟರ್ ಒಂದು ಪ್ರಿಂಟು ತೆಗೆದು ಅವಳ ಕೈ ಪಕ್ಕ ಇಟ್ಟ. ಕೆಂಪು ಜಾಸ್ತಿ. ಇಳಿಸಿದ. ಇನ್ನೊಂದು ತೆಗೆದ. ಹಳದಿ ಕಮ್ಮಿ. ಏರಿಸಿದ. ನಾನೂ ಸೇರಿಕೊಂಡೆ, ಬಣ್ಣದ ವಿಷಯ, ಸುಮ್ಮನಿರಲು ಆಗಲಿಲ್ಲ. "ಇನ್ನು ಒಂದೇ ಒಂದು ಚೂರು" ಎಂದು ಕೈಯನ್ನೂ ಕಾಗದವನ್ನೂ ಕಣ್ಣು ಕಿರಿದು ಮಾಡಿ ಹೋಲಿಸಿ ಹೋಲಿಸಿ ಹೇಳಿದೆ. ಕೊನೆಗೆ ಒಂದು ಪ್ರಿಂಟು ಬಂತು. ಅವಳ ಕೈ ಎಲ್ಲಿ ಮುಗಿಯುತ್ತದೆ, ಕಾಗದ ಎಲ್ಲಿ ಶುರುವಾಗುತ್ತದೆ ಗೊತ್ತಾಗದಷ್ಟು ಒಂದಾಗಿತ್ತು.

"ಇದೇ" ಎಂದಳು ಗೌರಿ. "ಇದೇ ನಮ್ಮವ್ವ." ಅಂಗಡಿಯಲ್ಲೇ ಅತ್ತಳು. ಆಪರೇಟರ್ ಕನ್ನಡಕ ಒರೆಸಿಕೊಂಡ. ನಾನು ಹೆಮ್ಮೆಯಿಂದ ಮೇಲೆ ನೋಡಿದೆ. ನಮ್ಮ ಮೂವರ ತಲೆಯ ಮೇಲೆ ಎರಡು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ನೋಡಿದೆ ಅಷ್ಟೆ.

ಫ್ರೇಮು ಹಾಕಿಸಿ, ಟವೆಲ್ಲಿನಲ್ಲಿ ಸುತ್ತಿ, ಅಲ್ಲಿಂದಲೇ ಕುಬಟೂರಿಗೆ ಹೋದೆವು. ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯ ಟ್ಯೂಬ್‌ಲೈಟಿನ ಕೆಳಗೆ ಗೌರಿ ಟವೆಲ್ ಬಿಚ್ಚಿದಳು. ಶಿವಣ್ಣನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಸವಂತಪ್ಪ ಮಾವ ಫೋಟೋದ ಕೆನ್ನೆ ಸವರಿ, "ಅಕ್ಕಾ" ಎಂದರು. ಶಿವಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. ಆ ರಾತ್ರಿ ನಾನು ನಿದ್ದೆ ಹೋದಷ್ಟು ಸುಖವಾಗಿ ಯಾವ ಕಲಾವಿದನೂ ಹೋಗಿರಲಾರ.

ಬೆಳಗ್ಗೆ ಶಿವಗಣಾರಾಧನೆಗೆ ಅಂಗಳದಲ್ಲಿ ಕುರ್ಚಿ ಹಾಕಿದರು. ಬಂಧುಬಳಗ ಸೇರಿತ್ತು. ಅಯ್ಯನವರು ಬಂದಿದ್ದರು. ಬಿಸಿಲು ಚಂದ ಬಿದ್ದಿತ್ತು. ಗೌರಿ ಫೋಟೋ ತಂದು ಕುರ್ಚಿಯ ಮೇಲೆ ಇಟ್ಟು, ಹಾರ ಹಾಕಲು ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲೇ ನಿಂತಳು.

ಅತ್ತೆ ಹಸಿರಾಗಿದ್ದರು.

ಸ್ವಲ್ಪ ಹಸಿರಲ್ಲ. ಕೆರೆಯ ಮೆಟ್ಟಿಲ ಹಾಗೆ ಹಸಿರು. ರಾತ್ರಿ ಕಂಡ ಮುಖವೇ, ಅದೇ ಮುಚ್ಚಿದ ಕಣ್ಣು, ಅದೇ ವಿಭೂತಿ. ಆದರೆ ಅದು ಈಗ ಹೆಣದ ಮುಖ. ಬಂದವರೆಲ್ಲ ಒಬ್ಬರನ್ನೊಬ್ಬರು ನೋಡಿದರು. ಎಲ್ಲರೂ ಆಮೇಲೆ ನನ್ನನ್ನು ನೋಡಿದರು.

ಹೇಗಾಯಿತು ಎಂದು ನನಗೆ ಅಲ್ಲೇ ಹೊಳೆಯಿತು. ಜ್ಞಾನ ನನಗೆ ಯಾವತ್ತೂ ಕಮ್ಮಿಯಾದದ್ದಿಲ್ಲ, ಹೊತ್ತಿಗೆ ಬಂದದ್ದಿಲ್ಲ ಅಷ್ಟೆ. ಕಂಪ್ಯೂಟರಿನ ಶಾಯಿ ಬೇರೆ, ಮನುಷ್ಯರ ಚರ್ಮ ಬೇರೆ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಎಂದು ಕಂಡಿದ್ದವು, ಬಿಸಿಲಿಗೆ ಬಂದ ಕೂಡಲೇ ಬೇರೆಯಾದವು. ಅಂಗಡಿಯ ಬಾಗಿಲ ಆಚೆ ಶಿವಮೊಗ್ಗದ ತುಂಬ ಬಿಸಿಲಿತ್ತು. ಕಾಗದ ಹಿಡಿದುಕೊಂಡು ಹೊರಗೆ ಬಂದು ಒಮ್ಮೆ ನೋಡಿದ್ದರೆ ಸಾಕಿತ್ತು. ಟ್ಯೂಬ್‌ಲೈಟನ್ನು ನಂಬಬೇಡಿ ಎಂದು ತಾಲೂಕಿಗೆಲ್ಲ ಬೋಧಿಸಿದವನು, ಅದರ ಕೆಳಗೇ ಕೂತು ಅತ್ತೆಗೆ ಬಣ್ಣ ಆರಿಸಿದ್ದೆ!

ಶಿವಣ್ಣ ನನ್ನ ಹತ್ತಿರ ಬಂದ. "ಭಾವ, ಬಿಸಿಲಿನ ತಪ್ಪಾ ಇದು?" ಎಂದು ನಿಜವಾಗಿಯೂ ಕೇಳಿದ.

ಗೌರಿ ಫೋಟೋ ಎತ್ತಿಕೊಂಡು ಪಡಸಾಲೆಗೆ ಹೋದಳು. ಕಿಟಕಿ ಹಾಕಿದಳು, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು, ಟ್ಯೂಬ್‌ಲೈಟ್ ಹಾಕಿದಳು. "ಪೂಜೆ ಒಳಗೇ ಆಗ್ಲಿ" ಎಂದಳು. ಅಯ್ಯನವರು ಒಳಗೆ ಬಂದು ನೋಡಿ, ಹೊರಗೆ ಹೋಗಿ ಬಿಸಿಲು ನೋಡಿ, ಮತ್ತೆ ಒಳಗೆ ಬಂದು ಪೂಜೆಗೆ ಕೂತರು. ಬಂದವರೆಲ್ಲ ಹಗಲು ಹೊತ್ತಿನಲ್ಲಿ ಕತ್ತಲು ಮಾಡಿದ ಪಡಸಾಲೆಗೆ ಸರದಿಯಲ್ಲಿ ಬಂದು, ಹೂ ಹಾಕಿ, ಬೆವರು ಒರೆಸುತ್ತ ಹೋದರು. ನಡುವೆ ಕರೆಂಟು ಹೋಯಿತು. ಎಣ್ಣೆ ದೀಪದಲ್ಲಿ ಅತ್ತೆ ಇನ್ನೊಂದು ಬಣ್ಣವಾದರು. ಅದನ್ನು ನಾನು ನೋಡಲು ಹೋಗಲಿಲ್ಲ.

ಊಟಕ್ಕೆ ಕೂತಾಗ ಗೌರಿಯ ಕಿವಿಯಲ್ಲಿ, "ಇನ್ನೊಂದು ಸಲ ಹೋಗೋಣ. ಬಿಸಿಲಲ್ಲಿ ಹಿಡಿದು ಸರಿ ಮಾಡಿಸ್ತೀನಿ" ಎಂದೆ.

"ಬೇಡ" ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನೀವು ಒಂದೊಂದ್ಸಲ ಸರಿಮಾಡ್ದಾಗ್ಲೂ ಅವ್ವ ದೂರ ಹೋಗ್ತಾಳೆ ರೀ. ಈಗ ಒಂದು ಕಡೆ ಆದ್ರೂ ಸಿಕ್ಕಿದಾಳೆ. ಇನ್ನು ಮುಟ್ಬೇಡಿ."

ಫೋಟೋ ಈಗ ಶಿಕಾರಿಪುರದಲ್ಲಿ, ನಮ್ಮ ಮನೆಯ ನಡುಮನೆಯಲ್ಲಿದೆ. ಟ್ಯೂಬ್‌ಲೈಟಿನ ಕೆಳಗೇ ಮೊಳೆ ಹೊಡೆದು ತೂಗುಹಾಕಿದ್ದೇನೆ. ಮೊಳೆ ಹೊಡೆಯುವ ಕೆಲಸ ಮಾತ್ರ ಗೌರಿ ನನಗೆ ಬಿಟ್ಟಳು. ಮನೆಗೆಲಸ ಮುಗಿದ ಮೇಲೆ, ಮಧ್ಯಾಹ್ನ, ಅವಳು ಕಿಟಕಿ ಬಾಗಿಲು ಹಾಕಿ, ಟ್ಯೂಬ್‌ಲೈಟ್ ಹಚ್ಚಿ, ಅವ್ವನ ಎದುರು ಕೂತು ಅಕ್ಕಿ ಆರಿಸುತ್ತಾಳೆ. ಕೆಲವು ಸಲ ಏನಾದರೂ ಹೇಳುತ್ತಾಳೆ. ನಾನು ಊಟಕ್ಕೆ ಬಂದವನು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಪಕ್ಕದಲ್ಲಿ ಕೂರುತ್ತೇನೆ. ಆ ಬೆಳಕಿನಲ್ಲಿ ಅತ್ತೆ ಎಷ್ಟು ಚೆನ್ನಾಗಿ ಕಾಣುತ್ತಾರೆಂದರೆ, ಈಗ ತೂಕಡಿಕೆ ಬಿಟ್ಟು ಎದ್ದು, ನನ್ನ ಡಬ್ಬಿಯ ಬಗ್ಗೆ ಏನಾದರೂ ಅಂದಾರು ಅನ್ನಿಸುತ್ತದೆ. ಅನ್ನಲಿ ಎಂದು ಆಸೆಯೂ ಆಗುತ್ತದೆ.

ಮೊನ್ನೆ ಹಾಗೆ ಕೂತಿದ್ದಾಗ ಕರೆಂಟು ಹೋಯಿತು. ನಡುಮನೆ ಕಗ್ಗತ್ತಲಾಯಿತು. ಏದುಸಿರು ಬಿಡಿಸುವ ಸೆಕೆ. ನಾನು ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ.

"ತೆಗೀಬೇಡಿ" ಎಂದಳು ಗೌರಿ. "ಬಿಸಿಲು ಬಿದ್ರೆ ಅವ್ವ ಸತ್ತಂಗೆ ಕಾಣ್ತಾಳೆ."

ಕೈ ತೆಗೆದು ಬಂದು ಕೂತೆ. ಬೆಳಕಿನಿಂದ ಹೊಟ್ಟೆ ಹೊರೆಯುವ ನಾನು, ನಡು ಮಧ್ಯಾಹ್ನ, ಹೊರಗೆ ಊರು ತುಂಬ ಬಿಸಿಲು ಸುರಿಯುತ್ತಿರುವಾಗ, ಸ್ವಂತ ಮನೆಯ ಕತ್ತಲಲ್ಲಿ ಹೆಂಡತಿಯ ಕೈ ಎಲ್ಲಿದೆ ಎಂದು ತಡಕಾಡಿ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

"ಫೋಟೋದ ಸಾಹೇಬ್ರು ಅದಾರೇನ್ರೀ? ಸ್ಟುಡಿಯೋದಾಗೆ ಇಲ್ಲ."

ನಾನು ಏಳಲು ಹೋಗಿ ಅಕ್ಕಿಯ ಮೊರ ಒದ್ದೆ. ಗೌರಿ ಕತ್ತಲಿನಿಂದಲೇ ಶಾಂತವಾಗಿ ಉತ್ತರ ಕೊಟ್ಟಳು.

"ಅದಾರೆ ರೀ. ಕರೆಂಟ್ ಬರ್ಲಿ, ಕಾಣ್ತಾರೆ."